ಬೋರ್ಡ್ ಬರೆಯುವವರ ಊರಿನಲ್ಲಿ

2024ರ ನವೆಂಬರ್ 11ರಂದು ವಿಸ್ತಾರಾ ಹೆಸರಿನ ವಿಮಾನಗಳು ಕಡೆಯ ಸಲ ಹಾರಿದವು. ಮಾರನೆಯ ದಿನ ಸಂಸ್ಥೆ ಏರ್ ಇಂಡಿಯಾದೊಳಗೆ ಸೇರಿಹೋಯಿತು. ಕಡುನೇರಳೆ ಬಾಲದ ಮೇಲೆ ಹೊಳೆಯುತ್ತಿದ್ದ ಹೊಂಬಣ್ಣದ ಎಂಟು ಮೂಲೆಯ ನಕ್ಷತ್ರದ ಕೆಲಸವೂ ಅಲ್ಲಿಗೆ ಮುಗಿಯಿತು. 2014ರ ಆಗಸ್ಟ್‌ನಲ್ಲಿ ಜನರ ಮುಂದೆ ಬಂದ ಗುರುತು, 2015ರ ಜನವರಿಯಲ್ಲಿ ಮೊದಲ ಹಾರಾಟ, ಅಲ್ಲಿಂದ ಹತ್ತು ವರ್ಷ ತುಂಬುವ ಮೊದಲೇ ಕೊನೆ. ಆ ವಾರ ಪ್ರಯಾಣಿಕರು, ಸಿಬ್ಬಂದಿ ಎಲ್ಲರೂ ವಿದಾಯದ ಮಾತು ಬರೆದರು. ಆ ನಕ್ಷತ್ರವನ್ನು ಬರೆದವರು ಯಾರು ಎಂದು ಕೇಳಿದವರು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಅದನ್ನು ಬರೆದದ್ದು ಬೆಂಗಳೂರಿನವರು. ಸಂಸ್ಥೆಯ ಹೆಸರು ರೇ ಪ್ಲಸ್ ಕೇಶವನ್. ಕಟ್ಟಿದವರು ಸುಜಾತಾ ಕೇಶವನ್, ಜೊತೆಗೆ ಜಾಹೀರಾತು ಲೋಕದ ಹಿರಿಯ ರಾಮ್ ರೇ. ಸಿನಿಮಾ ಮುಗಿದ ಮೇಲೆ ಲೈಟ್ ಹಿಡಿದ ಹುಡುಗನ ಹೆಸರೂ ತೆರೆಯ ಮೇಲೆ ಬರುತ್ತದೆ. ಕಾದಂಬರಿಯ ಒಳಪುಟದಲ್ಲಿ ಮುಖಪುಟ ಕಲಾವಿದರ ಹೆಸರಿರುತ್ತದೆ. ಕೋಟಿ ಜನ ನೋಡುವ ಲಾಂಛನದ ಕೆಳಗೆ ಮಾತ್ರ ಯಾರ ರುಜುವೂ ಇರುವುದಿಲ್ಲ. ಬೆಳಗ್ಗೆ ಹಾಲಿನ ಪ್ಯಾಕೆಟ್ ಒಡೆಯುವುದರಿಂದ ಹಿಡಿದು ರಾತ್ರಿ ಫೋನ್ ಚಾರ್ಜಿಗೆ ಹಾಕುವ ತನಕ ನಾವು ಯಾರೋ ಬರೆದ ಗುರುತುಗಳನ್ನು ಓದುತ್ತಲೇ ಇರುತ್ತೇವೆ. ಬರೆದವರು ಯಾರೆಂದು ಗೊತ್ತಿಲ್ಲದೆಯೇ ಅವನ್ನು ನಂಬುತ್ತೇವೆ.

‘ಬರೆದ’ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ, ಅಂಗಡಿ ಮುಂದಿನ ಬೋರ್ಡನ್ನೂ ಬರೆಸುತ್ತೇವೆ. ಈ ಮೂರನ್ನೂ ಒಟ್ಟಿಗೆ ಮಾಡುವ ಕಸುಬಿಗೆ ಇದಕ್ಕಿಂತ ಒಪ್ಪುವ ಕ್ರಿಯಾಪದ ಬೇರೊಂದಿಲ್ಲ. ಗ್ರಾಫಿಕ್ ಡಿಸೈನರ್ ಅಕ್ಷರ ಮುಗಿದು ಚಿತ್ರ ಶುರುವಾಗುವ ಗಡಿಯಲ್ಲಿ ಕೂತು ಕೆಲಸ ಮಾಡುವವರು.

ಸುಜಾತಾ ಕೇಶವನ್ ಓದಿದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಅಂದರೆ ಎನ್‌ಐಡಿಯಲ್ಲಿ. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯ ಫಲವಾಗಿ 1961ರಲ್ಲಿ ಹುಟ್ಟಿದ ಸಂಸ್ಥೆ ಅದು. ನಮ್ಮ ಲೋಟಕ್ಕಿಂತ, ಅಂದರೆ ಚೊಂಬಿನಂಥ ಆ ಸಾಮಾನ್ಯ ಪಾತ್ರೆಗಿಂತ, ಚೆಂದದ ವಿನ್ಯಾಸವಿಲ್ಲ ಎಂದು ಆ ವರದಿಯಲ್ಲಿ ಈಮ್ಸ್ ದಂಪತಿ ಕೊಂಡಾಡಿದ್ದರು. ಅಲ್ಲಿಂದ ಕೇಶವನ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಐಬಿಎಂ ಮತ್ತು ಎಬಿಸಿ ಟೆಲಿವಿಷನ್ ಲಾಂಛನಗಳ ಕರ್ತೃ ಪಾಲ್ ರ‍್ಯಾಂಡ್ ದಶಕಗಳ ಕಾಲ ಪಾಠ ಹೇಳಿದ ಜಾಗ ಅದು. ಓದು ಮುಗಿಸಿ ಬಂದವರು 1989ರಲ್ಲಿ ಬೆಂಗಳೂರಿನಲ್ಲಿ ಸ್ವಂತ ಸಂಸ್ಥೆ ತೆರೆದರು.

ಆ ವರ್ಷ ಮುಖ್ಯ. ಆರ್ಥಿಕ ಉದಾರೀಕರಣಕ್ಕೆ ಇನ್ನೂ ಎರಡು ವರ್ಷ ಬಾಕಿಯಿತ್ತು. ಸ್ಕೂಟರಿಗೆ, ಟೆಲಿಫೋನಿಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಗಿರಾಕಿಯೇ ಸಾಲಿನಲ್ಲಿ ನಿಂತಿರುವಾಗ ಅವನನ್ನು ಕರೆಯಲು ಚೆಂದದ ಗುರುತು ಯಾಕೆ ಬೇಕು? ಲೋಗೊ ಎಂಬುದು ಜಾಹೀರಾತು ಏಜೆನ್ಸಿಗಳು ದೊಡ್ಡ ಕೆಲಸದ ಜೊತೆ ಕೊಡುತ್ತಿದ್ದ ಕೊಸರು. ಸೊಪ್ಪಿನವಳು ಕೊತ್ತಂಬರಿಯ ನಾಲ್ಕು ಕಡ್ಡಿ ಮೇಲೆ ಹಾಕಿದ ಹಾಗೆ. ಅದಕ್ಕೇ ಬೇರೆ ದುಡ್ಡು ಕೇಳುವುದು, ಅದನ್ನೇ ನಂಬಿ ಕಚೇರಿ ತೆರೆಯುವುದು ಧೈರ್ಯದ ಕೆಲಸವಾಗಿತ್ತು. 1991ರ ನಂತರ ಗಾಳಿ ತಿರುಗಿತು. ಹೊಸ ಬ್ಯಾಂಕು, ಹೊಸ ಸಾಫ್ಟ್‌ವೇರ್ ಕಂಪನಿ, ಹೊಸ ಆಸ್ಪತ್ರೆ, ಎಲ್ಲಕ್ಕೂ ಪರದೇಶದ ಪೈಪೋಟಿದಾರರ ಪಕ್ಕ ನಿಲ್ಲುವ ಮುಖ ಬೇಕಾಯಿತು. 2006ರಲ್ಲಿ ಲಂಡನ್ನಿನ ದೈತ್ಯ ಸಮೂಹ ಡಬ್ಲ್ಯುಪಿಪಿ ಬೆಂಗಳೂರಿನ ಈ ಸಂಸ್ಥೆಯನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ಕೊಸರಾಗಿದ್ದ ಕೆಲಸ ಹದಿನೇಳು ವರ್ಷದಲ್ಲಿ ಸರಕಾಯಿತು.

ಒಂದು ಸಂಸ್ಥೆಗೆ ‘ಗುರುತು’ ಮಾಡುವುದೆಂದರೆ ಏನೇನು? ಲೋಗೊ ಅದರಲ್ಲಿ ಸಣ್ಣ ಪಾಲು. ವಿಸ್ತಾರಾವನ್ನೇ ನೋಡಿ. ಹೆಸರಿನ ಮೂಲ ಸಂಸ್ಕೃತದ ವಿಸ್ತಾರ. ಆ ಅರ್ಥದ ಬೆನ್ನು ಹಿಡಿದು ಎಂಟು ದಿಕ್ಕಿಗೂ ಚಾಚಿದ ನಕ್ಷತ್ರ, ನಮ್ಮ ಪೂಜೆಯ ಯಂತ್ರದ ರೇಖೆಗಳನ್ನು ನೆನಪಿಸುವ ಹೆಣಿಗೆ. ಅದು ವಿಮಾನದ ಬಾಲದ ಮೇಲೆ ಎರಡಾಳೆತ್ತರ ನಿಂತಾಗಲೂ ಸರಿ ಕಾಣಬೇಕು, ಫೋನಿನ ಪರದೆಯಲ್ಲಿ ಹೆಸರುಕಾಳಿನಷ್ಟಾದಾಗಲೂ ಕಲಸಿಹೋಗಬಾರದು. ಬಟ್ಟೆಯ ಮೇಲೆ ದಾರದಲ್ಲಿ, ಕಾಗದದ ಮೇಲೆ ಶಾಯಿಯಲ್ಲಿ, ಲೋಹದ ಮೇಲೆ ಪೇಂಟಿನಲ್ಲಿ ಅದೇ ನೇರಳೆ ಬರಬೇಕು. ಒಂದೇ ಬಣ್ಣ ಮೂರು ವಸ್ತುವಿನ ಮೇಲೆ ಮೂರು ಬಗೆ ಕಾಣುತ್ತದೆ. ಅವನ್ನು ಒಂದು ಹದಕ್ಕೆ ತರುವಲ್ಲಿ ದಿನಗಟ್ಟಲೆ ಕಳೆಯುತ್ತದೆ. ಲಾಂಛನದ ಸುತ್ತ ಎಷ್ಟು ಖಾಲಿ ಜಾಗ ಬಿಡಬೇಕು, ಯಾವ ಬಣ್ಣದ ಮೇಲೆ ಇಡಕೂಡದು ಎಂಬುದನ್ನೆಲ್ಲ ಬರೆದಿಡುವ ಕೈಪಿಡಿಯೊಂದಿರುತ್ತದೆ. ಡಿಸೈನರ್ ಎದುರಿಗಿಲ್ಲದಾಗಲೂ, ಊರಾಚೆಯ ಪ್ರಿಂಟರ್ ಒಬ್ಬ ತಪ್ಪು ಮಾಡದ ಹಾಗೆ ನೋಡಿಕೊಳ್ಳುವುದು ಆ ಕೈಪಿಡಿಯ ಕೆಲಸ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇನಲ್ಲಿ ತೆರೆದು, ಪೂರ್ವ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳೆಲ್ಲ ಅಲ್ಲಿಗೆ ಹೋದಾಗ, ಹೊಸ ನಿಲ್ದಾಣದ ಗುರುತಿಗೂ ರೇ ಪ್ಲಸ್ ಕೇಶವನ್ ಸಂಸ್ಥೆಯೇ ದುಡಿದಿತ್ತು.

ಗುರುತಿನ ಕೆಲಸ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸ್ಯಾಂಡಲ್ ಸೋಪು ನೆನಪಿಸಿಕೊಳ್ಳಿ. ಅದನ್ನು ರೂಪಿಸಿದ ರಸಾಯನಶಾಸ್ತ್ರಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು ಸೋಪಿನ ಸೂತ್ರದ ಜೊತೆಗೆ ಅದರ ಅಂಡಾಕಾರವನ್ನೂ, ಒಡವೆಯ ಪೆಟ್ಟಿಗೆಯಂಥ ಡಬ್ಬಿಯನ್ನೂ, ಆನೆಯ ತಲೆ ಸಿಂಹದ ಮೈಯ ಶರಭವನ್ನೂ ಆರಿಸಿದರು. ನೂರು ವರ್ಷ ಕಳೆದರೂ ಆ ಡಬ್ಬಿ ದೂರದಿಂದಲೇ ಗೊತ್ತಾಗುತ್ತದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಶಾಸ್ತ್ರಿಗಳು ನಮ್ಮ ಮೊದಲ ಬ್ರ್ಯಾಂಡ್ ವಿನ್ಯಾಸಕರ ಸಾಲಿಗೆ ಸೇರಬೇಕಾದವರು.

ವ್ಯಾಪಾರದ ಗುರುತು ಮತ್ತು ಮನರಂಜನೆ, ಎರಡನ್ನೂ ಒಂದೇ ಕೈಯಲ್ಲಿ ಮಾಡಿದವರೂ ಇದ್ದಾರೆ. ಅಮೆರಿಕದ ಸಾಲ್ ಬಾಸ್ ‘ವರ್ಟಿಗೊ’, ‘ಸೈಕೊ’ ಸಿನಿಮಾಗಳ ಶೀರ್ಷಿಕೆಗಳನ್ನು ಮಾಡಿದವರು. ಯುನೈಟೆಡ್ ಏರ್‌ಲೈನ್ಸ್‌ಗೆ, ದೂರವಾಣಿಯ ಎಟಿ ಆ್ಯಂಡ್ ಟಿಗೆ ಲಾಂಛನ ಬರೆದವರೂ ಅವರೇ. ಸತ್ಯಜಿತ್ ರಾಯ್ 1943ರಲ್ಲಿ ಕಲ್ಕತ್ತೆಯ ಜಾಹೀರಾತು ಏಜೆನ್ಸಿಗೆ ಸೇರಿ, ಪುಸ್ತಕಗಳಿಗೆ ಮುಖಪುಟ ಮಾಡುತ್ತ ಮಾಡುತ್ತ ಸಿನಿಮಾಗೆ ಬಂದವರು. ಕೊನೆಯ ತನಕ ತಮ್ಮ ಚಿತ್ರಗಳ ಪೋಸ್ಟರನ್ನು ತಾವೇ ಬರೆದರು, ರೋಮನ್ ಅಕ್ಷರಗಳಿಗೆ ತಮ್ಮದೇ ಫಾಂಟುಗಳನ್ನೂ ಮಾಡಿದರು. ನಮ್ಮಲ್ಲಿ ಈ ಸಾಲಿಗೆ ಸೇರುವ ದೊಡ್ಡ ಹೆಸರು ಮೈಸೂರಿನ ಆರ್.ಕೆ. ಲಕ್ಷ್ಮಣ್. ರಾಶಿಯವರ ‘ಕೊರವಂಜಿ’ ಪತ್ರಿಕೆಗೆ ಗೆರೆ ಎಳೆದ ಕೈ ಅದು. ಅದೇ ಕೈ 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಗಟ್ಟು ಎಂಬ ತುಂಟ ಹುಡುಗನನ್ನು ಬರೆದುಕೊಟ್ಟಿತು. ಹಣೆಯ ಮೇಲೆ ಕೂದಲು, ಕೈಯಲ್ಲಿ ಬಣ್ಣ ಸೋರುವ ಡಬ್ಬಿ ಮತ್ತು ಬ್ರಷ್. ಅರ್ಧ ಶತಮಾನ ಹಾರ್ಡ್‌ವೇರ್ ಅಂಗಡಿಗಳ ಗೋಡೆಗಳಲ್ಲಿ ಅವನು ನಿಂತಿದ್ದ. 1986ರಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಮಾಡಿದಾಗ ಶೀರ್ಷಿಕೆಗೆ ಬಂದದ್ದೂ ಲಕ್ಷ್ಮಣರ ರೇಖೆಗಳೇ. ಆ ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿ ಆಗುಂಬೆಯನ್ನು ಮಾಲ್ಗುಡಿಯಾಗಿಸಿದವರು ಬೆಂಗಳೂರಿನ ಜಾನ್ ದೇವರಾಜ್. ಅದಕ್ಕೂ ಮೊದಲು, 1970ರ ‘ಸಂಸ್ಕಾರ’ ಸಿನಿಮಾಕ್ಕೆ ಕಲಾ ನಿರ್ದೇಶಕರಾಗಿದ್ದವರು ವರ್ಣಚಿತ್ರಕಾರ ಎಸ್.ಜಿ. ವಾಸುದೇವ್.

ಇವರೆಲ್ಲರ ಜೊತೆಗೆ, ಹೆಸರು ಉಳಿಯದವರ ದೊಡ್ಡ ಗುಂಪೊಂದು ಬೆಂಗಳೂರಿನ ಕಂಟೋನ್ಮೆಂಟಿನಲ್ಲಿತ್ತು.

1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟಾಗಿನಿಂದ ಈ ಭಾಗದ ಗೋಡೆಗಳು ಹಲವು ಲಿಪಿಗಳನ್ನು ಹೊತ್ತಿವೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿತು, ದಂಡು ಪ್ರದೇಶ ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಲ್ಲಿ 1947ರ ತನಕ ಬ್ರಿಟಿಷರಲ್ಲೇ ಉಳಿಯಿತು. ಹಳೆಯ ಊರಾದ ಪೇಟೆಯ ಬೋರ್ಡುಗಳು ಕನ್ನಡದಲ್ಲಿದ್ದಾಗ ದಂಡಿನ ಬೋರ್ಡುಗಳಲ್ಲಿ ಇಂಗ್ಲಿಷ್, ತಮಿಳು, ಉರ್ದು. ಎರಡೂ ಊರು ಒಂದೇ ಪಾಲಿಕೆಗೆ ಸೇರಿದ್ದು 1949ರಲ್ಲಿ. ಈ ಭಾಗದಲ್ಲಿ ಕನ್ನಡದ ಅಕ್ಷರ ತಡವಾಗಿ ಬಂದು ಜಾಗ ಕೇಳಬೇಕಾಯಿತು ಎಂಬುದನ್ನು ಮರೆತರೆ ಇಲ್ಲಿನ ಬೋರ್ಡುಗಳ ಜಗಳ ಅರ್ಥವಾಗುವುದಿಲ್ಲ.

ನಾನು ಹುಡುಗನಾಗಿದ್ದಾಗ ರಸೆಲ್ ಮಾರ್ಕೆಟ್ಟಿನ ಹಿಂದಿನ ಒಂದು ಓಣಿಯಲ್ಲಿ ಬೋರ್ಡ್ ಬರೆಯುವ ಒಬ್ಬರು ಕೂರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವರ ಮುಂದೆ ನಿಂತು ನೋಡುವುದು ನನಗೆ ಚಟವಾಗಿತ್ತು. ತಗಡಿನ ಹಾಳೆಗೆ ಮೊದಲು ಬಿಳಿ ಬಣ್ಣ ಹೊಡೆದು ಒಣಗಿಸಿ, ಸೀಮೆಸುಣ್ಣದ ಪುಡಿ ಮೆತ್ತಿದ ದಾರವನ್ನು ಈ ತುದಿಯಿಂದ ಆ ತುದಿಗೆ ಬಿಗಿಹಿಡಿದು ನಡುವೆ ಚಿಮ್ಮುತ್ತಿದ್ದರು. ಠಪ್ ಎಂದು ನೇರ ಗೆರೆ ಬೀಳುತ್ತಿತ್ತು. ಇಂಗ್ಲಿಷಿಗೆ ಎರಡು ಗೆರೆ, ತಲೆಗೊಂದು ಕಾಲಿಗೊಂದು. ಕನ್ನಡಕ್ಕೆ ಮೂರು. ಮೂರನೆಯದು ಯಾಕೆ ಎಂದು ಕೇಳಿದೆ. ‘ಮೊದ್ಲು ಒತ್ತಿಗೆ ಜಾಗ ಬಿಡ್ಬೇಕು ತಮ್ಮಾ, ಆಮೇಲೆ ಅಕ್ಷರ’ ಅಂದರು. ಉರ್ದು ಬರೆಯುವ ಸರದಿ ಬಂದಾಗ ಸ್ಟೂಲು ಎತ್ತಿಕೊಂಡು ಬೋರ್ಡಿನ ಬಲತುದಿಗೆ ಹೋಗುತ್ತಿದ್ದರು. ಬಲಗೈ ನಡುಗದಂತೆ ಎಡಗೈಯಲ್ಲಿ ಒಂದು ಕೋಲು ಹಿಡಿದು ಅದರ ಮೇಲೆ ಮಣಿಕಟ್ಟು ಊರುತ್ತಿದ್ದರು. ಚಪ್ಪಟೆ ಬ್ರಷ್ಷನ್ನು ಬೆರಳ ನಡುವೆ ಸ್ವಲ್ಪವೇ ಹೊರಳಿಸಿದರೆ ಗೆರೆ ದಪ್ಪದಿಂದ ತೆಳುವಾಗಿ ತಿರುಗುತ್ತಿತ್ತು. ಕನ್ನಡದ ತಲೆಕಟ್ಟು ಅವರ ಕೈಯಲ್ಲಿ ಒಂದೇ ಎಳೆತ. ಅವರು ಓದಿದ್ದು ನಾಲ್ಕನೇ ಇಯತ್ತೆಯೋ ಏನೋ, ನಾಲ್ಕು ಲಿಪಿಯ ತೂಕ ಮಾತ್ರ ಬೆರಳಿಗೆ ಗೊತ್ತಿತ್ತು.

ಅದೇ ಕಾಲದ ಸಿನಿಮಾ ಟಾಕೀಸುಗಳು ಆ ಬೆರಳುಗಳ ದೊಡ್ಡ ಬಯಲು. ಶಿವಾಜಿನಗರದ ಎಲ್ಗಿನ್, ಫ್ರೇಜರ್ ಟೌನಿನ ಎವರೆಸ್ಟ್, ಎಂ.ಜಿ. ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ಹಲಸೂರಿನ ಕಡೆ ಲಿಡೊ. ಪ್ರತಿ ಶುಕ್ರವಾರ ಹೊಸ ಚಿತ್ರ, ಹೊಸ ಬ್ಯಾನರು. ಸಣ್ಣ ಫೋಟೊ ಒಂದರ ಮೇಲೆ ಚೌಕುಳಿ ಗೆರೆ ಎಳೆದು, ಅದೇ ಚೌಕುಳಿಯನ್ನು ಬಟ್ಟೆಯ ಮೇಲೆ ಹತ್ತಿಪ್ಪತ್ತು ಪಟ್ಟು ಹಿಗ್ಗಿಸಿ, ಚೌಕಕ್ಕೆ ಚೌಕ ಹೋಲಿಸುತ್ತ ಮುಖ ತುಂಬುವುದು. ಹತ್ತಿರ ನಿಂತರೆ ಬರೀ ಬಣ್ಣದ ತೇಪೆ, ರಸ್ತೆಯಾಚೆ ಹೋದರೆ ನಾಯಕನ ಕಣ್ಣು. ಎಷ್ಟು ದೂರದಿಂದ ನೋಡುವವರಿಗಾಗಿ ಬರೆಯುತ್ತಿದ್ದೇವೆ ಎಂಬ ಲೆಕ್ಕ ಆ ಕಲಾವಿದರ ಮೈಯಲ್ಲೇ ಇತ್ತು. ಈಗ ಪ್ಲಾಜಾ ಇದ್ದಲ್ಲಿ ಮೆಟ್ರೊ ನಿಲ್ದಾಣ, ಲಿಡೊ ಇದ್ದಲ್ಲಿ ಮಾಲ್. ರೆಕ್ಸ್ 2018ರ ಕೊನೆಯ ದಿನ ಬಾಗಿಲು ಹಾಕಿತು.

ಇದೇ ಎಂ.ಜಿ. ರಸ್ತೆಯಲ್ಲಿ ಕನ್ನಡದ ಇನ್ನೊಂದು ವಿನ್ಯಾಸ ಶಾಲೆ ಸದ್ದಿಲ್ಲದೆ ನಡೆಯಿತು. 1948ರಲ್ಲಿ ಹುಟ್ಟಿದ ಪ್ರಜಾವಾಣಿ ಬಳಗದ ಕಚೇರಿ ಇರುವುದು ಅಲ್ಲೇ. ದಂಡು ಪ್ರದೇಶದ ನಟ್ಟನಡುವೆ ಸುಧಾ, ಮಯೂರ ಪತ್ರಿಕೆಗಳ ಪುಟಗಳು ರೂಪುಗೊಂಡವು. ಪುತ್ತೂರಿನಿಂದ ಬಂದು ಕೆನ್ ಕಲಾಶಾಲೆಯಲ್ಲಿ ಹಡಪದ್ ಮೇಷ್ಟ್ರ ಶಿಷ್ಯರಾಗಿ ಕಲಿತ ಚಂದ್ರನಾಥ ಆಚಾರ್ಯ ಇಲ್ಲಿ ಕಥೆಗಳಿಗೆ ಚಿತ್ರ ಬರೆದರು. ಆ ಚಿತ್ರಗಳನ್ನು ನೋಡುತ್ತ ಒಂದು ತಲೆಮಾರಿನ ಓದುಗರು ಕಥೆ ಓದುವುದನ್ನು ಕಲಿತರು. ಮುಂದೆ ಟ್ರಿನಿಟಿ ವೃತ್ತದ ಬಳಿಯ ಮಿಡ್‌ಫೋರ್ಡ್ ಹೌಸ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ತೆರೆಯಿತು. ಪಾಲ್ ಫರ್ನಾಂಡಿಸ್ ತಮ್ಮ ಬಾಲ್ಯದ ಕಂಟೋನ್ಮೆಂಟನ್ನು, ಅದರ ಜಟಕಾ ಬಂಡಿ, ಬೇಕರಿ, ನಾಯಿಮರಿಗಳ ಸಮೇತ ಜಲವರ್ಣದಲ್ಲಿ ಉಳಿಸಿಕೊಟ್ಟರು.

ಆಮೇಲೆ ಕಂಪ್ಯೂಟರ್ ಬಂತು. ಡಿಟಿಪಿಯಿಂದ ಕನ್ನಡಕ್ಕೆ ಆದ ಉಪಕಾರ ಸಣ್ಣದಲ್ಲ. ಶ್ರೀಲಿಪಿ, ಬರಹ, ನುಡಿ ತಂತ್ರಾಂಶಗಳು ಇರದಿದ್ದರೆ ಸಣ್ಣ ಊರಿನ ಕವಿಯೊಬ್ಬ ಸ್ವಂತ ಪುಸ್ತಕ ತರುವುದು ಕನಸಾಗುತ್ತಿತ್ತು. ಆದರೆ ಪಠ್ಯಕ್ಕೆಂದು ಮಾಡಿದ ಆ ಬೆರಳೆಣಿಕೆಯ ಫಾಂಟುಗಳೇ ಸಿನಿಮಾ ಪೋಸ್ಟರಿಗೂ, ಮದುವೆ ಕಾಗದಕ್ಕೂ, ಹುಟ್ಟುಹಬ್ಬದ ಫ್ಲೆಕ್ಸಿಗೂ, ಆಭರಣದಂಗಡಿಗೂ ಹೋದವು. ಇಂಗ್ಲಿಷಿನಲ್ಲಿ ಸಾವಿರ ಮುಖ, ಕನ್ನಡಕ್ಕೆ ನಾಲ್ಕು. ಬೋರ್ಡ್ ಬರೆಯುವವರ ಕೈಯಲ್ಲಿ ಓಣಿಗೊಂದರಂತೆ ಇದ್ದ ಅಕ್ಷರದ ಬಗೆಗಳು ಹತ್ತು ವರ್ಷದಲ್ಲಿ ಅಳಿಸಿಹೋದವು. 2018ರ ಆಗಸ್ಟ್‌ನಲ್ಲಿ ಹೈಕೋರ್ಟಿನ ಆದೇಶದ ಬೆನ್ನಿಗೆ ನಗರದ ಅಕ್ರಮ ಫ್ಲೆಕ್ಸುಗಳನ್ನು ಕಿತ್ತು ಲಾರಿಗೆ ತುಂಬಿದಾಗ, ಕೈಬರಹದವರು ಮರಳಿ ಬರಬಹುದೆಂದು ಆಸೆಪಟ್ಟವರಲ್ಲಿ ನಾನೂ ಒಬ್ಬ. ಅಷ್ಟು ಹೊತ್ತಿಗೆ ಬಹುಪಾಲು ಜನ ಬ್ರಷ್ ಕೆಳಗಿಟ್ಟಾಗಿತ್ತು.

ಪುಟವಿನ್ಯಾಸದ ಮೇಜಿನಲ್ಲಿ ನಾನು ಕಳೆದ ವರ್ಷಗಳಲ್ಲಿ ಅತಿ ಹೆಚ್ಚು ಕೇಳಿದ ಮಾತು ‘ಸಾರ್, ಒತ್ತು ಒಡೀತಿದೆ’. ಯೂನಿಕೋಡ್ ಕನ್ನಡವನ್ನು ಚಿತ್ರ ತಿದ್ದುವ ತಂತ್ರಾಂಶಕ್ಕೆ ಹಾಕಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು, ‘ಅಮ್ಮ’ ಎಂಬುದು ‘ಅಮ್‌ಮ’ ಆಗುತ್ತಿತ್ತು. ಸಂಯೋಜನೆಯ ಒಂದು ಆಯ್ಕೆಯನ್ನು ಬದಲಿಸಿದರೆ ಸರಿಹೋಗುತ್ತದೆ ಎಂಬುದು ಬಹಳ ಜನರಿಗೆ ಬಹಳ ಕಾಲ ತಿಳಿದಿರಲಿಲ್ಲ. ಒಮ್ಮೆ ಒಂದು ನಾಟಕೋತ್ಸವದ ಪೋಸ್ಟರು ಹೀಗೆ ಒಡೆದ ಅಕ್ಷರದಲ್ಲೇ ಸಾವಿರ ಪ್ರತಿ ಅಚ್ಚಾಗಿ ಬಂತು. ಪ್ರೂಫಿನಲ್ಲಿ ಸರಿಯಿತ್ತು, ಕಡೆಯ ಗಳಿಗೆಯಲ್ಲಿ ಯಾರೋ ಬೇರೆ ಕಂಪ್ಯೂಟರಿನಲ್ಲಿ ಫೈಲು ತೆರೆದಿದ್ದರು. ಆ ಕಟ್ಟುಗಳನ್ನು ನಾವು ಹಂಚಲಿಲ್ಲ. ಇಂಗ್ಲಿಷಿನ ಒಂದು ಅಕ್ಷರ ತಲೆಕೆಳಗಾಗಿದ್ದರೆ ಆ ಪೋಸ್ಟರು ಯಂತ್ರದಿಂದ ಹೊರಗೇ ಬರುತ್ತಿರಲಿಲ್ಲ ಎಂಬ ನೋವು ಇವತ್ತಿಗೂ ನನ್ನಲ್ಲಿದೆ.

ಒಡೆಯದೆ ನಿಂತ ಕನ್ನಡಕ್ಕೂ ಅದರದೇ ಕಷ್ಟಗಳಿವೆ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ: ಈ ಜೋಡಿಗಳ ವ್ಯತ್ಯಾಸವೆಲ್ಲ ಅಕ್ಷರದ ಬುಡದ ಒಂದು ಸಣ್ಣ ಸೀಳಿನಲ್ಲಿದೆ. ಫ್ಲೆಕ್ಸ್ ಅಂಗಡಿಯಲ್ಲಿ ಅಕ್ಷರ ಎದ್ದು ಕಾಣಲಿ ಎಂದು ಸುತ್ತ ದಪ್ಪ ಅಂಚು ಕೊಡುತ್ತಾರೆ. ಅಂಚು ಒಳಕ್ಕೂ ಹರಿದು ಸೀಳನ್ನು ಮುಚ್ಚುತ್ತದೆ, ಧನ ಹೋಗಿ ದನ ಆಗುತ್ತದೆ. ಇನ್ನು ‘ಲಕ್ಷ್ಮಿ’. ನಮ್ಮ ಊರಲ್ಲಿ ಬೀದಿಗೊಂದು ಲಕ್ಷ್ಮಿ ಸ್ಟೋರ್ಸ್ ಇರುವುದರಿಂದ ಇದು ದಿನನಿತ್ಯದ ಪರೀಕ್ಷೆ. ಕ ಅಕ್ಷರಕ್ಕೆ ಷ ಬೆಸೆದು, ಅದರ ಕೆಳಗೆ ಮ ಒತ್ತು ಬಂದು, ಮೇಲೆ ಗುಡಿಸು ಕೂರಬೇಕು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದಂತಸ್ತಿನ ಮನೆ; ಕನ್ನಡಕ್ಕೆ ಮೇಲೊಂದು ಅಟ್ಟ, ಕೆಳಗೊಂದು ನೆಲಮಾಳಿಗೆ. ಎರಡನ್ನೂ ಒಂದೇ ಎತ್ತರದ ಪಟ್ಟಿಯಲ್ಲಿ ತುಂಬಿದರೆ ಕನ್ನಡದ ಮೈ ಕುಗ್ಗಿ ಇಂಗ್ಲಿಷ್ ಗರ್ಜಿಸುತ್ತದೆ. ‘ವಿಸ್ತಾರ’ ಎಂದು ಬರೆದು ನೋಡಿ. ರೋಮನ್ನಿನಲ್ಲಿ ನೆಟ್ಟಗೆ ನಿಲ್ಲುವ ಪದ ಕನ್ನಡದಲ್ಲಿ ‘ಸ್ತಾ’ ಬಂದೊಡನೆ ಕೆಳಗೆ ಕಾಲು ಚಾಚುತ್ತದೆ. ಆ ಕಾಲನ್ನು ಅಡಚಣೆ ಎಂದು ನೋಡುವ ಡಿಸೈನರ್ ಅದನ್ನು ಮೊಟಕು ಮಾಡುತ್ತಾರೆ. ಅದೇ ಚೆಲುವು ಎಂದು ನೋಡುವವರು ಅಲ್ಲಿಂದಲೇ ಗುರುತನ್ನು ಶುರುಮಾಡುತ್ತಾರೆ.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಬಂದು, ನಾಮಫಲಕದ ನೂರಕ್ಕೆ 60 ಭಾಗ ಕನ್ನಡದಲ್ಲಿರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು ಎಂದಾಯಿತು. ಅದಕ್ಕೆ ಮೊದಲು, 2023ರ ಡಿಸೆಂಬರ್‌ನಲ್ಲಿ ಬೀದಿಯಲ್ಲಿ ದೊಡ್ಡ ಹೋರಾಟವೂ ಆಗಿತ್ತು. ಕಾಯ್ದೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಈ ಊರಲ್ಲಿ ಕನ್ನಡಕ್ಕೆ ಜಾಗ ಕೇಳಬೇಕಾಗಿ ಬಂದದ್ದೇ ನೋವಿನ ಸಂಗತಿ. ಆದರೆ ಆ ವಾರಗಳಲ್ಲಿ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ನಡೆದವರು ಕಂಡದ್ದೇನು? ಲಕ್ಷಾಂತರ ಖರ್ಚು ಮಾಡಿ, ಒಂದೊಂದು ಅಕ್ಷರದ ನಡುವಿನ ಅಂತರವನ್ನೂ ತೂಗಿ ಮಾಡಿಸಿದ ಇಂಗ್ಲಿಷ್ ಹೆಸರು. ಅದರ ನೆತ್ತಿಗೆ ರಾತ್ರೋರಾತ್ರಿ ಅಂಟಿಸಿದ ಸ್ಟಿಕ್ಕರ್ ಕನ್ನಡ. ಅಗಲ ಸಾಲದೆಂದು ಅಡ್ಡಕ್ಕೆ ಎಳೆದದ್ದರಿಂದ ಸೊನ್ನೆಗಳೆಲ್ಲ ಮೊಟ್ಟೆಯಾಗಿದ್ದವು. ಅಳತೆಯ ಟೇಪು ಹಿಡಿದರೆ 60 ಭಾಗ ಸರಿಯಿದೆ. ಕಣ್ಣು ಮೊದಲು ಓದುವುದು ಮಾತ್ರ ಇಂಗ್ಲಿಷನ್ನೇ. ಕಣ್ಣು ಮೊದಲು ಏನನ್ನು ಓದಬೇಕೆಂದು ತೀರ್ಮಾನಿಸುವುದೇ ಡಿಸೈನರ ಕಸುಬು. ಆ ತೀರ್ಮಾನ ಆಗುವ ಮೇಜಿನಲ್ಲಿ ಕನ್ನಡ ಮೊದಲ ದಿನದಿಂದ ಕೂರಬೇಕು. ಲಾಂಛನ ಇಂಗ್ಲಿಷಿನಲ್ಲಿ ಮುಗಿದು, ಕೈಪಿಡಿ ಅಚ್ಚಾಗಿ, ಬೋರ್ಡು ಏರಿದ ಮೇಲೆ ಬರುವ ಕನ್ನಡ ಕೊಸರಾಗಿಯೇ ಉಳಿಯುತ್ತದೆ.

ಮೊದಲ ದಿನದಿಂದ ಕೂತರೆ ಏನಾಗುತ್ತದೆಂದು ನೋಡಲು ನೇರಳೆ ಮಾರ್ಗದ ಮೆಟ್ರೊ ಹತ್ತಿ. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ, ಇದೇ ಪೂರ್ವದ ದಾರಿಯಲ್ಲಿ. 2017ರಲ್ಲಿ ಹಿಂದಿ ಫಲಕಗಳ ವಿರುದ್ಧ ಜನ ದನಿಯೆತ್ತಿ, ಅವನ್ನು ತೆಗೆದ ಮೇಲೆ ಫಲಕಗಳಲ್ಲಿ ಎರಡೇ ಲಿಪಿ ಉಳಿದವು, ಮೇಲೆ ಕನ್ನಡ. ರಸ್ತೆಯ ಮೇಲೆ ತಲೆಮಾರುಗಳ ಕಾಲ ‘ಅಲ್ಸೂರ್’ ಆಗಿದ್ದ ಊರು ಪ್ಲಾಟ್‌ಫಾರ್ಮಿನಲ್ಲಿ ಎರಡೂ ಲಿಪಿಯಲ್ಲಿ ಹಲಸೂರು. ಹಲಸಿನ ಮರದ ನೆನಪು ಹೆಸರಿಗೆ ಮರಳಿತು. ಇದೂ ಗುರುತಿನ ಕೆಲಸವೇ. 2017ರ ಡಿಸೆಂಬರ್ 24ರಂದು ಬೆಂಗಳೂರು ಸ್ವಂತ ಲಾಂಛನ ಪಡೆದ ದೇಶದ ಮೊದಲ ನಗರವಾಯಿತು. ನಮ್ಮೂರು ಎಂಬ ಪುಟ್ಟ ವಿನ್ಯಾಸ ಸಂಸ್ಥೆ ಸ್ಪರ್ಧೆಯಲ್ಲಿ ಗೆದ್ದು ಬರೆದ ಆ ಗುರುತಿನಲ್ಲಿ ಹೆಸರಿನ ಮೊದಲ ಎರಡು ಮತ್ತು ಕೊನೆಯ ಇಂಗ್ಲಿಷ್ ಅಕ್ಷರಗಳು ಕೆಂಪಾಗಿ ಸೇರಿ ‘ಬಿ ಯು’, ಅಂದರೆ ನೀನು ನೀನಾಗಿರು ಎಂದಾಗುತ್ತಿತ್ತು. ಉಪಾಯ ಚುರುಕಾದದ್ದು. ಕನ್ನಡದ ‘ಬೆಂ’ ಮತ್ತು ‘ರು’ವಿನಲ್ಲಿ ಏನು ಅಡಗಿರಬಹುದಿತ್ತು ಎಂದು ಆಗಲೂ ಯೋಚಿಸಿದ್ದೆ, ಈಗಲೂ ಯೋಚಿಸುತ್ತೇನೆ.

ಸಲಕರಣೆ ಇಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಏಕ್ ಟೈಪ್ ತಂಡದ ದುಂಡುಮುಖದ ಬಾಲೂ ಫಾಂಟಿನ ಕನ್ನಡ ರೂಪಕ್ಕೆ ‘ಬಾಲೂ ತಮ್ಮ’ ಎಂದು ಹೆಸರು. ಅದೇ ತಂಡದ ಅನೇಕ್ ಕನ್ನಡದಲ್ಲಿ ಅಕ್ಷರದ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು; ಹಾಗೆ ಮಾಡಿದಾಗ ಗೆರೆಯ ಹದ ಕೆಡದಂತೆ ಅದನ್ನು ಕಟ್ಟಿದ್ದಾರೆ, ಸೊನ್ನೆ ಮೊಟ್ಟೆಯಾಗುವುದಿಲ್ಲ. ವೈಷ್ಣವಿ ಮೂರ್ತಿ ಅವರು ಸ್ಪೇನಿನ ಹುವಾನ್ ಲೂಯಿಸ್ ಬ್ಲಾಂಕೊ ಜೊತೆ ಸೇರಿ ಮಾಡಿದ ‘ಅಕಾಯ ಕನಡಕ’ದಲ್ಲಿ ಬರೆಯುವ ಕೈಯ ಓಟವಿದೆ. ಮೂರೂ ಯಾರಿಗೆ ಬೇಕಾದರೂ ಉಚಿತ. ಪುಸ್ತಕದ ಮುಖಪುಟಗಳಲ್ಲಿ ಅಪಾರ ಅವರಂಥವರು ಕನ್ನಡದ ಶೀರ್ಷಿಕೆಯನ್ನೇ ಚಿತ್ರವಾಗಿಸುತ್ತ ಬಂದಿದ್ದಾರೆ. 2010ರಲ್ಲಿ ಇದೇ ಊರಲ್ಲಿ ಹುಟ್ಟಿದ ಚುಂಬಕ್ ಎಂಬ ಕಂಪನಿ ಆಟೊ, ಲಾರಿ, ಮೀಸೆಯಂಥ ಬೀದಿ ಚಿತ್ರಗಳನ್ನೇ ಸರಕಾಗಿಸಿ ಮಾರಿ ತೋರಿಸಿತು. 2024ರ ಮಾರ್ಚ್‌ನಲ್ಲಿ ಚಿನ್ನಸ್ವಾಮಿ ಮೈದಾನದ ಕ್ರಿಕೆಟ್ ತಂಡ ತನ್ನ ಹೆಸರಿನ ಬ್ಯಾಂಗಲೋರ್ ಬಿಟ್ಟು ಬೆಂಗಳೂರು ಆಯಿತು. ಬೇಕಾದದ್ದು ಇವನ್ನೆಲ್ಲ ಒಂದೆಡೆ ತರುವ ಡಿಸೈನರುಗಳು ಮತ್ತು ಅವರಲ್ಲಿ ಮೊದಲೇ ಕನ್ನಡ ಕೇಳುವ ಗಿರಾಕಿಗಳು.

ಹೋದ ವರ್ಷ ಅಕ್ಕನ ಮಗಳು ಓದು ಮುಗಿಸಿ ಮೊದಲ ಕೆಲಸ ಹಿಡಿದಳು. ಕೆ.ಆರ್. ಪುರದ ತೂಗುಸೇತುವೆಗೆ ಹತ್ತಿರದಲ್ಲಿ ಒಬ್ಬ ಗೃಹಿಣಿ ತೆರೆಯಲಿದ್ದ ಕುರುಕಲು ತಿಂಡಿಯ ಅಂಗಡಿಗೆ ಗುರುತು. ಹೆಸರಿನಲ್ಲಿ ‘ಧ’ವೂ ಇತ್ತು, ‘ಕ್ಷ್ಮಿ’ಯೂ ಇತ್ತು. ಫ್ಲೆಕ್ಸ್ ಅಂಗಡಿಯ ಹುಡುಗ ‘ಮೇಡಂ, ಇಂಗ್ಲಿಷ್ ಕೊಡಿ, ಕನ್ನಡ ನಾನೇ ಹೊಡೆದು ಹಾಕ್ತೀನಿ’ ಎಂದನಂತೆ. ಇವಳು ಮನೆಗೆ ಬಂದು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಹನ್ನೆರಡು ದಿನ ಆ ಹೆಸರನ್ನೇ ಬರೆದಳು. ಹಾಳೆಯಲ್ಲಿ ಮೊದಲು ಎಳೆದದ್ದು ಮೂರನೆಯ ಗೆರೆ. ಚಕ್ಕುಲಿಯ ಸುತ್ತಿನ ಹಾಗೆ ಮ ಒತ್ತು ಕೆಳಗೆ ಸುರುಳಿಯಾಗಿ ಬಂತು. ಅದನ್ನೇ ಬಿಡಿಸಿ ತೆಗೆದು ಪೊಟ್ಟಣದ ಮೇಲಿನ ಮುದ್ರೆ ಮಾಡಿದಳು. ಇಂಗ್ಲಿಷ್ ಹೆಸರನ್ನು ಆ ಸುರುಳಿಯ ದಪ್ಪಕ್ಕೆ ಹೊಂದಿಸಿ ಕೊನೆಗೆ ಬರೆದಳು.

ಬೋರ್ಡ್ ಮಾಡಿಸುವ ಮುಂಚೆ ಪೂರ್ತಿ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ಅಂಗಡಿಯ ಷಟರಿಗೆ ಅಂಟಿಸಿದೆವು. ಬೆಳಗಿನ ಆರೂವರೆ, ರಸ್ತೆ ಇನ್ನೂ ತುಂಬಿರಲಿಲ್ಲ. ಇಂಗ್ಲಿಷ್ ಫಲಕದವರಲ್ಲಿ ಅಂಗುಲ ಎತ್ತರಕ್ಕೆ 25 ಅಡಿ ದೂರ ಎಂಬ ಲೆಕ್ಕ ರೂಢಿಯಲ್ಲಿದೆ, ಕನ್ನಡದ ಸೀಳಿಗೆ ಅದು ಸಾಲುತ್ತದೋ ಇಲ್ಲವೋ ನಡೆದೇ ನೋಡಬೇಕು ಎಂದಳು. ನಾನು ಷಟರಿಗೆ ಮುಖಮಾಡಿ ಹಿಂದಕ್ಕೆ ಹೆಜ್ಜೆ ಇಡುತ್ತ ಹೋದೆ, ಅವಳು ಎಣಿಸುತ್ತ ಬಂದಳು. ನಲವತ್ತಕ್ಕೆ ಒತ್ತು ಸ್ಪಷ್ಟವಿತ್ತು, ‘ಧ’ದ ಸೀಳು ಮಸುಕಾಯಿತು. ಷಟರಿನ ಹತ್ತಿರ ವಾಪಸು ಹೋಗಿ, ಚೀಲದಿಂದ ಬಿಳಿ ಬಣ್ಣದ ಸೀಸೆ ತೆಗೆದು, ಸಣ್ಣ ಬ್ರಷ್ಷಿನಲ್ಲಿ ಆ ಸೀಳನ್ನು ಒಂದು ನೂಲು ಅಗಲ ಮಾಡಿದಳು.

‘ಈಗ, ಮಾಮ?’

ಐವತ್ತೆರಡನೆಯ ಹೆಜ್ಜೆಯ ತನಕ ಓದಲು ಬಂತು. ಅಲ್ಲಿಗೆ ಫುಟ್‌ಪಾತು ಮುಗಿಯಿತು.